ಬಿಸಿಲೇರುವ ಮುಂಚಿನ ಹೊತ್ತು

ತಮ್ಮನ ಮನೆಯಲ್ಲಿ ಅಕ್ಕನದು ಎನ್ನಬಹುದಾದದ್ದು ಒಂದೇ: ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವಳೇ ನೆಟ್ಟ ಸೀತಾಫಲದ ಗಿಡ. ಮದುವೆಯಾಗದ ಅವಳಿಗೆಂದು ಬಿಟ್ಟ ಕೋಣೆಯಲ್ಲಿ ಅಕ್ಕಿ ಮೂಟೆಯೂ ಮುರಿದ ಸೈಕಲ್ಲೂ ಅವಳಿಗಿಂತ ಹೆಚ್ಚು ಜಾಗ ಹಿಡಿದಿದ್ದವು. ಅಕ್ಕಿ ತೊಳೆದ ನೀರು ಕುಡಿದು ಗಿಡ ಆಳೆತ್ತರ ಬೆಳೆದಿತ್ತು. ಮೈತುಂಬ ಹೂ ಬಿಡುತ್ತಿತ್ತು, ಅಷ್ಟನ್ನೂ ಉದುರಿಸುತ್ತಿತ್ತು.

"ಅಕ್ಕಾ, ಈ ಸಲವೂ ಕಾಯಿ ಕಚ್ಚಲಿಲ್ಲ ಅಂದ್ರೆ ಕಡಿಸಿಬಿಡ್ತೀನಿ. ಕಾರು ನಿಲ್ಸೋಕಾದ್ರೂ ಆಗುತ್ತೆ," ಎಂದ ತಮ್ಮ.

"ಬಂಜೆ ಗಿಡಕ್ಕೆ ಎಷ್ಟು ನೀರು ಹೊಯ್ದರೇನು ಅತ್ತಿಗೆ?" ಎಂದು ಅವನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಹಾಗೆ ಕಚ್ಚಿಕೊಂಡದ್ದೇ ಹೆಚ್ಚು ನೋಯಿಸಿತು.

ಅಕ್ಕ ಸಸಿ ಮಾರುವವನನ್ನು ಕೇಳಿದಳು. "ಅಮ್ಮಾ, ಈ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಎರಡಕ್ಕೂ ಹೊತ್ತು ಕೂಡಿ ಬರಲ್ಲ. ಸಂಜೆ ಪೂರ್ತಿ ಅರಳಿದ ಹೂವಿನ ಪರಾಗದ ಪುಡಿ ಉದುರಿಸಿಟ್ಟು, ಬೆಳಿಗ್ಗೆ ಅರೆಬಿರಿದ ಹೂವಿನೊಳಗೆ ಕುಂಚದಲ್ಲಿ ಸವರಿ. ಬಿಸಿಲೇರೋ ಮುಂಚೆ."

"ನನಗೇ ಯಾರೂ ಗಂಡು ಹುಡುಕಲಿಲ್ಲ, ನಾನು ಹೂವಿಗೆ ಹುಡುಕಬೇಕಾ!" ಎಂದು ನಕ್ಕಳು. ಮನೆಗೆ ಬಂದಾಗ ಆ ಮಾತು ಹೇಳಿ ನಗಲು ಯಾರೂ ಇರಲಿಲ್ಲ.

ತಮ್ಮನ ಮಕ್ಕಳ ಹಳೆಯ ಬಣ್ಣದ ಕುಂಚ ಹಿಡಿದು ದಿನವೂ ಸವರಿದಳು. ಎಲ್ಲರ ಡಬ್ಬಿ ಕಟ್ಟಿ, ಪಾತ್ರೆ ತೊಳೆದು ಹೋಗುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು. ಸವರಿದ ಹೂವೆಲ್ಲ ಉದುರಿದವು. ಆಗ ಅರ್ಥವಾಯಿತು: ಬಿಸಿಲೇರುವ ಮುಂಚಿನ ಹೊತ್ತು ತನ್ನದಲ್ಲ. ಅದು ಹಾಲಿನದು, ತಿಂಡಿಯದು, ಡಬ್ಬಿಗಳದು.

ಮಾರನೆಯ ಬೆಳಿಗ್ಗೆ ಒಲೆ ಹಚ್ಚದೆ ನೇರ ಗಿಡದ ಬಳಿ ಹೋದಳು.

"ಅತ್ತೇ, ನನ್ನ ಡಬ್ಬಿ?"

"ಅತ್ತಿಗೇ, ಹಾಲು ಕಾಸಿಲ್ವಾ?"

"ಅಕ್ಕಾ, ಮೈಗೆ ಹುಷಾರಿಲ್ವೇನೇ?"

ಅವಳ ಕೈಯ ಕುಂಚ ನಿಲ್ಲಲಿಲ್ಲ.

"ಹುಷಾರಾಗೇ ಇದ್ದೀನಿ. ಹಾಲು ಅಲ್ಲೇ ಇದೆ, ಒಲೆಯೂ ಅಲ್ಲೇ ಇದೆ."

ಹೂ ಮುಗಿಯುವವರೆಗೆ ಹಾಗೇ ನಡೆಯಿತು. ತಿಂಡಿ ಹೇಗೋ ಆಗುತ್ತಿತ್ತು. ಅವಳೊಡನೆ ಮಾತು ಮಾತ್ರ ನಿಂತಿತು. ತಟ್ಟೆ ಕುಕ್ಕುವ ಸದ್ದೇ ಮಾತು.

ಮಳೆಗಾಲದ ಹೊತ್ತಿಗೆ ಕೊಂಬೆ ತುಂಬ ಕಾಯಿ. "ನೋಡಿದ್ರಾ, ಕಡಿಸ್ತೀನಿ ಅಂತ ಹೆದರಿಸಿದ್ದಕ್ಕೆ ದಾರಿಗೆ ಬಂತು!" ಎಂದು ತಮ್ಮ ಮೀಸೆ ತಿರುವಿದ. ಕಾರಿನ ಮಾತು ಅಲ್ಲಿಗೆ ಮುಗಿಯಿತು. ಎಲ್ಲರೂ ನಕ್ಕರು. ಯಾರೂ ಅವಳ ಕಡೆ ತಿರುಗಲಿಲ್ಲ.

ಬಲಿತು ಕಣ್ಣು ಬಿಟ್ಟ ಮೊದಲ ಕಾಯಿಯನ್ನು ಅವಳು ತನ್ನ ಕೋಣೆಯ ಅಕ್ಕಿ ಮೂಟೆಯಲ್ಲಿ ಹುದುಗಿಸಿಟ್ಟಳು. ಹಣ್ಣಾದ ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಡಿಸಿದಳು. ಜೀವಮಾನದಲ್ಲಿ ಮೊದಲ ಸಲ ಯಾರಿಗೂ ಪಾಲು ಎತ್ತಿಡದೆ ತಿಂದಳು.

"ಸಿಹಿಯಾಗಿದೆ ಕಣೇ," ಎಂದಳು, ಗಿಡಕ್ಕೆ.

ಒಳಗಿನಿಂದ ಯಾರೋ ಕೂಗಿದರು. ಅವಳು ಇನ್ನೊಂದು ಬೀಜ ಉಗಿದಳು.