ಬೆರಳಿಗಷ್ಟೇ ಗೊತ್ತಿದ್ದ ಪಾಸ್‌ವರ್ಡ್

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಲ್ಯಾಪ್‌ಟಾಪಿನಿಂದ ಬರಬಾರದು. ಆದರೆ ಕುಷ್ಟಗಿಯ ನನ್ನ ರಿಪೇರಿ ಅಂಗಡಿಯಲ್ಲಿ ಕೆಳಗಿನ ಕಪಾಟು ತೆಗೆದರೆ ಸಾಕು, ಅದೇ ವಾಸನೆ. ನಿನ್ನೆ ಇಲಿ ಹೊಕ್ಕಿತೆಂದು ಕಪಾಟು ಖಾಲಿ ಮಾಡುವಾಗ ಮತ್ತೆ ಮೂಗಿಗೆ ಬಡಿಯಿತು. ಟೈಪಿಂಗ್ ಟೀಚರ್ ನೆನಪಾದರು. ಜೊತೆಗೇ ಹಳೆಯ ಸಿಟ್ಟೂ ಬಂತು.

ಯಲಬುರ್ಗಾದಲ್ಲಿ ಅವರು ಕನ್ನಡ ಟೈಪಿಂಗ್ ಕಲಿಸುತ್ತಿದ್ದರು. ಕಂಪ್ಯೂಟರು ಬಂದು ಕ್ಲಾಸು ಮುಚ್ಚಿದ ಮೇಲೆ ನಮ್ಮ ಓಣಿಗೆ ಬಂದು, ತಾವೂ ಒಂದು ಲ್ಯಾಪ್‌ಟಾಪ್ ಕೊಂಡರು. ಟೈಪ್‌ರೈಟರಿಗೆ ಎಣ್ಣೆ ಬಿಟ್ಟು ರೂಢಿಯಾದ ಕೈ ಇದಕ್ಕೂ ಬಿಟ್ಟಿತು. ಕೀಲಿಗಳ ಸಂದಿಯಲ್ಲಿ ಎಣ್ಣೆ! ಬೇಡ ಎಂದರೆ ಕೇಳುವವರಲ್ಲ. ನೋಡಿಕೊಂಡು ಒತ್ತಿರಿ ಎಂದರೆ, ನೋಡಿ ಒತ್ತುವವರು ಟೈಪಿಸ್ಟರೇ ಅಲ್ಲ ಎಂದು ನನಗೇ ಪಾಠ ಹೇಳುತ್ತಿದ್ದರು.

ಪಾಸ್‌ವರ್ಡಿನದು ಇನ್ನೊಂದು ಕಥೆ. ಕನ್ನಡ ಟೈಪ್‌ರೈಟರಿನ ಮೇಲೆ ಬೆರಳು ಹೇಗೆ ಓಡುತ್ತಿತ್ತೋ ಹಾಗೇ, ಇಂಥ ಪದವೆಂದು ಯೋಚಿಸದೆ, ಇಂಗ್ಲಿಷ್ ಕೀಲಿಗಳ ಮೇಲೆ ಓಡಿಸಿ ಇಟ್ಟಿದ್ದರು. ಒಳಗೆ ಬಿದ್ದದ್ದು ಅರ್ಥವಿಲ್ಲದ ಅಕ್ಷರಗಳು, ಹೊರಗೆ ಕಂಡದ್ದು ಬರೀ ಚುಕ್ಕಿ. ಏನು ಒತ್ತುತ್ತೇನೆಂದು ಅವರಿಗೂ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಎಲ್ಲಾದರೂ ಬರೆದಿಡಿ ಎಂದು ಬಡಕೊಂಡೆ. ನಕ್ಕುಬಿಟ್ಟರು.

ಆಮೇಲೆ ಲಕ್ವಾ ಹೊಡೆದು ಬಲಗೈ ಬಿತ್ತು...

ಲ್ಯಾಪ್‌ಟಾಪನ್ನು ಎಡಗೈಯಲ್ಲಿ ಎದೆಗವಚಿಕೊಂಡು ಅಂಗಡಿಗೆ ಬಂದರು. ಅದರಲ್ಲಿ ಅವರ ಅವ್ವ ಹಾಡಿದ ಬೀಸುವ ಪದಗಳಿದ್ದವು. ಅಳವಂಡಿಯ ಮನೆಯಲ್ಲಿ, ಬೀಸುಕಲ್ಲಿನ ಸಪ್ಪಳದೊಂದಿಗೆ ತಾವೇ ರೆಕಾರ್ಡ್ ಮಾಡಿಕೊಂಡದ್ದು. ಅವ್ವ ತೀರಿಹೋಗಿದ್ದರು, ಬೇರೆ ಕಾಪಿ ಇರಲಿಲ್ಲ. ಯಾರೂ ಕದಿಯಬಾರದೆಂದು ಆ ಫೈಲುಗಳಿಗೂ ಬೀಗ ಹಾಕಿದ್ದರು. ಆ ಬೀಗಕ್ಕೂ ಅದೇ ಪಾಸ್‌ವರ್ಡೇ ಆಧಾರ. ನಾನು ಹಳೆಯದನ್ನು ಅಳಿಸಿ ಹೊಸದು ಹಾಕಿದರೆ ಕಂಪ್ಯೂಟರ್ ತೆರೆಯುತ್ತದೆ, ಹಾಡು ತೆರೆಯುವುದಿಲ್ಲ.

“ಒಳಗ ಐತೆಲ್ಲೋ ತಮ್ಮಾ, ನೋಡಿ ಹೇಳು,” ಎಂದರು.

ಒಳಗೆ ಇಲ್ಲವೆಂದೆ. ಕಂಪ್ಯೂಟರು ಪಾಸ್‌ವರ್ಡನ್ನು ಇದ್ದ ಹಾಗೆ ಇಡುವುದಿಲ್ಲ, ಬೀಸಿ ಹಿಟ್ಟು ಮಾಡಿ ನಿಮ್ಮ ಹೆಸರಿನ ಮುಂದೆ ಆ ಹಿಟ್ಟನ್ನಷ್ಟೇ ಇಡುತ್ತದೆ, ಹಿಟ್ಟಿನಿಂದ ಕಾಳು ಮಾಡಲಾಗದು ಎಂದು ವಿವರಿಸಿದೆ.

“ಮತ್ತ ನಾ ಒತ್ತಿದ್ದು ತಪ್ಪಂತ ಅದಕ್ಕ ಹೆಂಗ ಗೊತ್ತಾಗತೈತಿ?”

ಒತ್ತಿದ್ದನ್ನೂ ಬೀಸಿ ಎರಡು ಹಿಟ್ಟು ಹೋಲಿಸುತ್ತದೆ ಎಂದೆ.

“ನಮ್ಮವ್ವ ಹಿಟ್ಟು ಮುಟ್ಟಿ ಯಾವ ಹೊಲದ ಜ್ವಾಳ ಅಂತ ಹೇಳತಿದ್ಲು. ನಿನಗ ಅಷ್ಟೂ ಬರೂದಿಲ್ಲೇನು?”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ಆದರೂ ಕೂತೆವು. ಎಡಗೈಯ ಕೀಲಿಗಳನ್ನು ಅವರು ಪಟಪಟ ಒತ್ತುವರು, ಬಲಗೈಯ ಸರದಿ ಬಂದಾಗ ನಿಲ್ಲುವರು. ಅಲ್ಲಿ ನಾನು ಒಂದೊಂದು ಅಕ್ಷರ ಹಾಕಿ ನೋಡುವೆ. ತಪ್ಪು. ಮತ್ತೆ ತಪ್ಪು. ಬಲಗಡೆ ಎಷ್ಟು ಅಕ್ಷರವಿತ್ತು ಎಂದು ಕೇಳಿದರೆ, ಅದನ್ನು ಬಲಗೈಯನ್ನೇ ಕೇಳಬೇಕು ಎನ್ನುವರು. ಸಿಟ್ಟು ಬಂದು ನಾನು ಎದ್ದು ಹೋದರೆ, ಹೊರಗಿನಿಂದ ಚಹಾ ತರಿಸಿ ಕಾಯುತ್ತ ಕೂತಿರುವರು. ಕೊನೆಗೊಂದು ದಿನ ಇದು ನಿನ್ನ ಹತ್ತಿರವೇ ಇರಲಿ, ಬಿಡುವಾದಾಗ ನೋಡು ಎಂದು ಬಿಟ್ಟುಹೋದರು. ಆ ಮಳೆಗಾಲದಲ್ಲೇ ತೀರಿಕೊಂಡರು...

ನಿನ್ನೆ ಚಾರ್ಜಿಗೆ ಹಾಕಿದೆ. ಹಾಳಾದ್ದು, ಇನ್ನೂ ಚಾಲೂ ಆಗುತ್ತದೆ. ‘ಟೀಚರ್’ ಎಂಬ ಹೆಸರು, ಅದರ ಕೆಳಗೆ ಖಾಲಿ ಚೌಕ. ಟೀಚರ್ ಇಲ್ಲ, ಅವರ ಅವ್ವನ ದನಿಯನ್ನು ಬಲ್ಲವರೂ ಈಗ ಯಾರೂ ಇಲ್ಲ. ಎಡಗೈಯ ಕೀಲಿಗಳು ಮಾತ್ರ ನನಗೆ ಬಾಯಿಪಾಠ. ಅವನ್ನು ಒತ್ತಿದೆ. ಬಲಗಡೆಗೆ ಕೈಗೆ ಬಂದದ್ದನ್ನು ಒತ್ತಿದೆ. ತಪ್ಪು ಎಂದಿತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆ ಯಂತ್ರವನ್ನು ಗದರಿದೆ: “ಒಳಗ ಐತೆಲ್ಲೋ, ಹೇಳಬಾರದೇನು?”