ಕೆಂಪು ಚೌಕಟ್ಟನ್ನು ಕೆಳಗಿಳಿಸಿದವನು

"ಇದು ಲ್ಯಾಪ್‌ಟಾಪ್ ಏನ್ರೀ, ಕಡಾಯಿ ಏನ್ರೀ? ಮಿರ್ಚಿ ಕರದು ತಂದೀರೇನು ಇದರಾಗ?"

ರಾಯಚೂರಿನ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಯಲ್ಲಿ ಖಾಜಾ ಭಾಯ್ ಹೀಗೆ ಕೇಳಿದಾಗ ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಲ್ಯಾಪ್‌ಟಾಪಿನ ಒಡತಿ ಶರಣಮ್ಮನೂ ನಕ್ಕಳು. ನಾನೂ ನಕ್ಕೆ.

ನಾನು ನಗಬಾರದಿತ್ತು.

ಶರಣಮ್ಮ ನಾನು ಪಾಠ ಹೇಳುವ ಕಾಲೇಜಿನ ಹಳೇ ವಿದ್ಯಾರ್ಥಿನಿ. ಈಗ ದೇವದುರ್ಗದಲ್ಲಿ ಮದುವೆ ಕಾರ್ಡು ಮಾಡುತ್ತಾಳೆ. ಕಾಗದದ್ದಲ್ಲ. ವಾಟ್ಸಾಪಿನಲ್ಲಿ ಬರುತ್ತವಲ್ಲ, ಹೂವು ಉದುರಿ, ಗಣಪತಿ ಸುತ್ತು ತಿರುಗಿ, ಆಮೇಲೆ ವಧೂವರರ ಹೆಸರು ಹೊಳೆಯುವ ವಿಡಿಯೊ ಕಾರ್ಡು, ಅದು. ಕರೆಯೋಲೆಯನ್ನು ತನ್ನ ದನಿಯಲ್ಲೇ ಓದುವುದು ಅವಳ ವಿಶೇಷ. "ಬರ್ರಿ, ಮನಿಮಂದಿ ಎಲ್ಲಾರೂ ಬರ್ರಿ, ನೀವು ಬಂದ್ರನ ಮದುವಿ" ಎಂದು ಅವಳು ಕರೆದರೆ ಸಂಬಂಧವಿಲ್ಲದವರಿಗೂ ಹೋಗಿ ಪಂಕ್ತಿಯಲ್ಲಿ ಕೂತುಬಿಡೋಣ ಅನ್ನಿಸುತ್ತದೆ. ಮುಹೂರ್ತಗಳಿರುವ ತಿಂಗಳುಗಳೇ ಅವಳ ಸುಗ್ಗಿ. ಆ ಸುಗ್ಗಿಗೆ ಇದ್ದ ಎತ್ತು ಈ ಹಳೇ ಲ್ಯಾಪ್‌ಟಾಪು ಒಂದೇ. ಅದು ಈಗ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು.

"ಬೋರ್ಡ್ ಖಲಾಸ್ ರೀ. ಡಿಸ್ಕ್ ಉಳದದ, ಅದು ನಿಮ್ಮ ನಸೀಬು" ಎಂದ ಖಾಜಾ ಭಾಯ್. "ಅಲ್ಲಾ, ರಾಯಚೂರು ಬ್ಯಾಸಗಿಯೊಳಗ ಫ್ಯಾನ್ ಬಂದ್ ಮಾಡ್ರಿ ಅಂತ ನಿಮಗ ಹೇಳಿದ ಶಾಣ್ಯಾ ಯಾರ್ರೀ?"

ಶರಣಮ್ಮ ತಲೆ ತಗ್ಗಿಸಿದಳು. "ಯಾರೂ ಹೇಳಿಲ್ಲಣ್ಣಾ. ನಾನೇ ಏನೋ ಎಡವಟ್ಟು ಮಾಡ್ಕೊಂಡೀನಿ."

ಆ ಶಾಣ್ಯಾ ಅವಳ ಪಕ್ಕದಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನಾನೇ.

ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಶರಣಮ್ಮನ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ, ಯಂತ್ರ ನಡೆಸುವ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟವನು ನಾನು. ನನ್ನದೂ ಅದೇ ಕಂಪನಿಯ ಅಂಥದ್ದೇ ಮುದಿ ಯಂತ್ರ. ಎರಡರ ಫ್ಯಾನೂ ಅಕ್ಕಿ ಗಿರಣಿಯಂತೆ ಕೂಗುತ್ತಿದ್ದವು. ಅದನ್ನು ಹದದಲ್ಲಿಡಲು ಒಂದು ಓಪನ್ ಸೋರ್ಸ್ ಡ್ರೈವರ್ ಇದೆ. ಕಂಪ್ಯೂಟರಿನ ಮಾತನ್ನು ಫ್ಯಾನಿಗೆ ಮುಟ್ಟಿಸುವ ಸಣ್ಣ ತಂತ್ರಾಂಶ. ಎಲ್ಲೆಲ್ಲಿಯದೋ ದೇಶದ ಜನ ಪುಕ್ಕಟೆಯಾಗಿ ಕೂಡಿ ಬರೆದದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬಳಸುವುದು ಹೇಗೆ ಎಂಬ ವಿವರಣೆಯ ಪುಟ ಕನ್ನಡದಲ್ಲೂ ಇತ್ತು, ಆದರೆ ಹಳತಾಗಿತ್ತು. ಹೊಸದಾಗಿ ಬರೆದುಕೊಡುತ್ತೇನೆ ಎಂದು ನಾನು ಮುಂದಾದೆ. (ಅಂಕಣ ಬರೆಯುವವನಿಗೆ ಒಂದು ಪುಟ ಯಾವ ಲೆಕ್ಕ? ಹೀಗೇ ಅಂದುಕೊಂಡಿದ್ದೆ.)

ಇಂಗ್ಲಿಷ್ ಪುಟದ ನೆತ್ತಿಯ ಮೇಲೇ ಒಂದು ಕೆಂಪು ಚೌಕಟ್ಟು. ಅದರಲ್ಲಿದ್ದ ಮಾತು ಇಷ್ಟು: ಫ್ಯಾನನ್ನು ನೀವು ಕೈಯಾರೆ ನಿಲ್ಲಿಸಿದರೆ ಯಂತ್ರ ಎಷ್ಟೇ ಕಾದರೂ ಅದು ತಾನಾಗಿ ತಿರುಗುವುದಿಲ್ಲ. ಕೆಲಸ ಮುಗಿದೊಡನೆ ಆಟೋಗೆ, ಅಂದರೆ ಫ್ಯಾನು ಕಾವು ನೋಡಿ ತಾನೇ ತಿರುಗುವ ಸ್ಥಿತಿಗೆ, ಮರಳಿಸಿ. ಮರೆತರೆ ಯಂತ್ರ ಸುಟ್ಟುಹೋಗುತ್ತದೆ.

ನನಗೆ ಅದು ಸರಿಕಾಣಲಿಲ್ಲ. ಮೊದಲ ಸಾಲಿಗೇ ಸುಡುವ ಮಾತೇ?

ನಾನು ಮಾತು ಕಲಿತದ್ದು ಮಾನ್ವಿಯ ಅಜ್ಜಿಯಿಂದ. ನಮ್ಮಜ್ಜಿಯ ಮನೆಯಲ್ಲಿ ಅಕ್ಕಿ ಎಂದೂ ತೀರುತ್ತಿರಲಿಲ್ಲ, "ಹೆಚ್ಚುತ್ತಿತ್ತು." ದೀಪ ಆರುತ್ತಿರಲಿಲ್ಲ, "ಶಾಂತ"ವಾಗುತ್ತಿತ್ತು. ಬಾಯಿ ತಪ್ಪಿ "ಹೋಗ್ತೀನಿ" ಅಂದರೆ ಹೊಸ್ತಿಲಿಂದ ವಾಪಸ್ ಕರೆದು, ಕೂಡಿಸಿ, ನೀರು ಕುಡಿಸಿ, "ಬರ್ತೀನಿ ಅನ್ನೋ" ಎಂದು ಹೇಳಿಸಿಯೇ ಕಳಿಸುತ್ತಿದ್ದಳು. "ಶುಭಾ ನುಡೀಬೇಕಪಾ. ಬಾಯಿಂದ ಬಂದದ್ದು ಬಾಗಲಕ್ಕ ಬರ್ತದ" ಎನ್ನುವಳು.

ಅಂಥ ಅಜ್ಜಿಯ ಮೊಮ್ಮಗ ಏನು ಮಾಡಿದ? ಪುಟವನ್ನು "ನಿಮ್ಮ ಲ್ಯಾಪ್‌ಟಾಪು ತಣ್ಣಗಿರಲಿ, ದೀರ್ಘಾಯುಷಿಯಾಗಲಿ" ಎಂದು ಶುರು ಮಾಡಿದ. ಫ್ಯಾನಿನ ಸದ್ದು ನಿಲ್ಲಿಸುವ ವಿಧಾನವನ್ನು ಹಪ್ಪಳ ಹಚ್ಚುವುದನ್ನು ಹೇಳಿಕೊಟ್ಟಷ್ಟು ಚೆಂದ ಬರೆದ. ಕೆಂಪು ಚೌಕಟ್ಟನ್ನು ಬಿಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ, "ಬಳಿಕ ಆಟೋಗೆ ಮರಳಿಸಿದರೆ ಯಂತ್ರಕ್ಕೆ ಹಿತ" ಎಂದು ಒಂದು ಸಾಲು ಇಟ್ಟ.

ಹಿತ! ಕಷಾಯದ ಸಲಹೆ ಕೊಟ್ಟ ಹಾಗೆ.

ಆ ಯೋಜನೆಯ ಮೇಲ್ವಿಚಾರಕ, ನಾನು ಮುಖ ನೋಡದ ಒಬ್ಬ ಪರದೇಶದವನು, ಕನ್ನಡ ಓದಲು ಬಾರದಿದ್ದರೂ ಕೇಳಿದ್ದ: "ನಿಮ್ಮ ಪುಟದಲ್ಲಿ ಕೆಂಪು ಚೌಕಟ್ಟು ಕಾಣುತ್ತಿಲ್ಲವಲ್ಲ?" ನಾನು ಅವನಿಗೆ ಸಂಸ್ಕೃತಿಯ ಪಾಠ ಹೇಳಿದೆ. ನಮ್ಮ ಕಡೆ ಅಶುಭದಿಂದ ಆರಂಭಿಸುವುದಿಲ್ಲ, ನಮ್ಮ ಓದುಗರು ಪೂರ್ತಿ ಓದುತ್ತಾರೆ, ಎಂದೆಲ್ಲ. ಅವನು ಗೌರವದಿಂದ ಒಪ್ಪಿದ. ಪರರ ಸಂಸ್ಕೃತಿಯ ಮಾತು ಬಂದರೆ ಪಾಪ, ಯಾರು ವಾದ ಮಾಡುತ್ತಾರೆ?

ಪೂರ್ತಿ ಓದುತ್ತಾರಂತೆ. ನೀವು ಕುಕ್ಕರಿನ ಜೊತೆ ಬಂದ ಪುಸ್ತಕವನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ?

ಶರಣಮ್ಮ ದನಿ ರೆಕಾರ್ಡ್ ಮಾಡುವಾಗ ಫ್ಯಾನಿನ ಗದ್ದಲವೂ ಒಳಗೆ ಬರುತ್ತಿತ್ತು. ನನ್ನ ಪುಟ ತೆರೆದಳು, ಹೇಳಿದಂತೆ ಮಾಡಿದಳು, ಫ್ಯಾನು ಸುಮ್ಮನಾಯಿತು. ಅವಳಿಗೆ ಬೇಕಾದದ್ದು ಅಲ್ಲಿಗೆ ಸಿಕ್ಕಿತ್ತು, ಮುಂದೆ ಓದುವುದೇಕೆ? ಕರೆಯೋಲೆ ಓದಿ ಮುಗಿಸಿ, ವಿಡಿಯೊ ತಯಾರಾಗಲು ಬಿಟ್ಟಳು. ಮಾನ್ವಿಯಲ್ಲಿ ಮದುವೆ ಮನೆಯವರು ಕಾಯುತ್ತಿದ್ದರು, ಬಸ್ಸು ಹೊರಡುವುದರಲ್ಲಿತ್ತು. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹತ್ತಿದಳು. ಒಳಗೆ ವಿಡಿಯೊದ ಕೆಲಸ ನಡೆದೇ ಇದ್ದುದರಿಂದ ಯಂತ್ರ ನಿದ್ದೆ ಹೋಗಿರಲಿಲ್ಲ. ಹೊರಗೆ ನಮ್ಮ ಬಿಸಿಲು, ಒಳಗೆ ನಿಂತ ಫ್ಯಾನು. ಸಿರವಾರ ದಾಟುವಾಗ ತೊಡೆ ಸುಡಲು ಶುರುವಾಯಿತಂತೆ. ಬಸ್ಸಿನ ಎಂಜಿನ್ ಕಾವು ಅಂದುಕೊಂಡಳಂತೆ.

ಮರುದಿನ ನನಗೆ ಫೋನು. "ಸರ್, ನೀವು ಭಾಳ ಛಂದ ಬರ್ದೀರಿ. ನಾನೇ ಎಲ್ಲೋ ತಪ್ಪು ಒತ್ತೀನಿ. ಬೈಬ್ಯಾಡ್ರಿ."

"ಇರ್ಲಿ ಬಿಡವ್ವಾ, ತಗೊಂಡ್ ಬಾ, ನೋಡೋಣು" ಎಂದೆ. ಎಷ್ಟು ಉದಾರ ನೋಡಿ!

ಅಂಗಡಿಯಿಂದ ಹೊರಬಂದ ಮೇಲೆ ಅವಳು ಮೆಲ್ಲಗೆ, "ಈ ತಿಂಗಳು ಒಪ್ಪಿಕೊಂಡ ಕಾರ್ಡು ಭಾಳ ಅವ ಸರ್. ಎಲ್ಲಾರಿಗೂ ಆಗಂಗಿಲ್ಲ ಅನಬೇಕು. ಒಮ್ಮಿ ಅಂದ್ರ ಮುಂದಿನ ಸಲ ಯಾರು ಬರ್ತಾರ?" ಎಂದಳು. ನಾನು ಹೆಗಲ ಚೀಲದಿಂದ ನನ್ನ ಲ್ಯಾಪ್‌ಟಾಪು ತೆಗೆದು ಕೊಟ್ಟೆ. "ಮದುವಿ ಕಾಲ ಮುಗಿಯೋ ತನಕ ಇಟ್ಕೊ. ವಾಪಸ್ ಕೊಡಾಕೂ ಅವಸರಿಲ್ಲ."

ಅವಳ ಕಣ್ಣು ತುಂಬಿದವು. "ದೊಡ್ಡ ಮನಸು ಸರ್ ನಿಮ್ಮದು" ಎಂದು ರಸ್ತೆಯಲ್ಲೇ ಕಾಲಿಗೆ ಬಗ್ಗಿದಳು. ಹಿಂದೆ ಸರಿದೆ. ಅದೂ ನನ್ನ ವಿನಯ ಅಂದುಕೊಂಡಳು.

ಮನೆಗೆ ಬಂದು, ಕಾಲೇಜಿನಿಂದ ತಂದಿಟ್ಟುಕೊಂಡಿದ್ದ ಕಂಪ್ಯೂಟರನ್ನು ತೆರೆದು ಪುಟ ತಿದ್ದಿದೆ. ಕೆಂಪು ಚೌಕಟ್ಟು ಮೇಲೇರಿತು, ಅಕ್ಷರಗಳೂ ದಪ್ಪವಾದವು. ಈ ಓಪನ್ ಸೋರ್ಸ್ ಮಂದಿಯಲ್ಲಿ ಒಂದು ಕಟ್ಟಳೆ. ಏನೇ ತಿದ್ದಿದರೂ ಯಾಕೆ ತಿದ್ದಿದೆ ಎಂದು ಒಂದು ಸಾಲು ಬರೆಯಬೇಕು. ನಾನು ಬರೆದೆ: "ಭಾಷೆಯ ಸುಧಾರಣೆ."

ಹೌದು, ಹಾಗೇ ಬರೆದೆ. ನಾಲ್ಕು ಗೋಡೆಯ ನಡುವೆ, ಒಬ್ಬನೇ ಇದ್ದಾಗಲೂ.

ಅಜ್ಜಿಯ ಹೆಸರು ಹೇಳಿ ಬಚಾವಾಗೋಣವೆಂದರೆ ಅದೂ ಆಗದು. ನಾನು ಚಿಕ್ಕವನಿದ್ದಾಗ ಒಲೆಯ ಮೇಲಿನ ಹಾಲಿನ ಪಾತ್ರೆಗೆ ಕೈ ಚಾಚಿದರೆ ಅವಳು "ಹಾಲು ಮುಟ್ಟದಿದ್ದರೆ ನಿನಗೆ ಹಿತ" ಎನ್ನುತ್ತಿದ್ದಳೇ? "ಸುಟ್ಟು ಸಾಯ್ತಿ, ಸರಿಯೋ ಮುಂಡೇದೇ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದಳು. ಶುಭ ನುಡಿ ಯಾವಾಗ, ಕಿರುಚುವುದು ಯಾವಾಗ ಎಂದು ಅವಳಿಗೆ ಗೊತ್ತಿತ್ತು. ನಾನು ಅರ್ಧ ಅಜ್ಜಿಯನ್ನಷ್ಟೇ ಕಲಿತಿದ್ದೆ.

ಮೊನ್ನೆ ಶರಣಮ್ಮನ ಫೋನು ಮತ್ತೆ ಬಂತು. ಮಾನ್ವಿಯ ಕಾರ್ಡು ಮುಗಿಯಿತಂತೆ, ಮಂದಿ ಮೆಚ್ಚಿದರಂತೆ. ಆಮೇಲೆ ಅಂದಳು: "ಸರ್, ನಿಮ್ಮ ಪುಟ ಇನ್ನೊಮ್ಮಿ ತಗದು ಓದಿದೆ. ಮ್ಯಾಲೇ ಎಷ್ಟು ದೊಡ್ಡ ಕೆಂಪು ಡಬ್ಬಿ ಅದ ರೀ! ಅಷ್ಟು ದೊಡ್ಡದಿದ್ರೂ ಅವತ್ತು ನನಗ ಕಂಡಿಲ್ಲ ನೋಡ್ರಿ. ನನ್ನ ಕಣ್ಣಿಗಿ ಏನಾಗಿತ್ತೋ ಏನೋ."

"ಇರ್ಲಿ ಬಿಡವ್ವಾ" ಎಂದೆ. ಮತ್ತೆ ಅದೇ ಮಾತು.

ಈ ಅಂಕಣ ಬರುವ ಪೇಪರು ದೇವದುರ್ಗಕ್ಕೂ ಹೋಗುತ್ತದೆ. ಶರಣಮ್ಮಾ, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಚೌಕಟ್ಟು ಅವತ್ತು ಅಲ್ಲಿ ಇರಲೇ ಇಲ್ಲ. ತೆಗೆದವನು ನಾನು.

ಇಷ್ಟನ್ನು ಫೋನಿನಲ್ಲಿ ಹೇಳಲು ನನ್ನ ಬಾಯಿಗೆ ಏನಾಗಿತ್ತು?