ಬಿಗಿಯಾಗು ಎಂಬ ಸುದ್ದಿ

ದೇವದುರ್ಗದಲ್ಲಿ ಕುಪ್ಪಸ ಹೊಲಿದು ಬದುಕುವ ರೇಣುಕಮ್ಮನಿಗೆ ಒಬ್ಬಳೇ ತಂಗಿ, ಬಸ್ಸಮ್ಮ. ಮಾನ್ವಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಂಚಿನ ಮುಂದೆಯೇ ವಾಲಿಬಿದ್ದಳು. ಗಂಡ ಹಂಪಯ್ಯ ರಾಯಚೂರಿನ ಆಸ್ಪತ್ರೆಗೆ ತಂದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ರೇಣುಕಮ್ಮ ಬಸ್ಸಿಳಿದು ವಾರ್ಡು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಆರಾಮ ಅದೀನಿ ಅಂತ ಬಿ.ಪಿ. ಗುಳಿಗಿ ಬಿಟ್ಟಿದ್ದಳ್ರೀ ಅಕ್ಕಾ," ಎಂದು ಹಂಪಯ್ಯ ಗೋಡೆಗೆ ಹಣೆ ಕೊಟ್ಟು ಅತ್ತ.

ರೇಣುಕಮ್ಮನಿಗೆ ಅಳು ಬರಲಿಲ್ಲ. ತಂಗಿಯ ಬೆರಳಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಬಿಡಿಸುತ್ತ ಕುಳಿತಳು.

ಒಡಹುಟ್ಟಿದವಳಿಗೂ ಇರಬಹುದೆಂದು ವಾರ್ಡಿನ ಡಾಕ್ಟರ್ ಗುಲ್ನಾಜ್ ರೇಣುಕಮ್ಮನ ತೋಳಿಗೂ ಬಿ.ಪಿ. ಪಟ್ಟಿ ಕಟ್ಟಿ ನೋಡಿದರು. ರಕ್ತದ ಒತ್ತಡ ಇನ್ನೂರರ ಹತ್ತಿರ ಇತ್ತು.

"ತಲಿನೋವು ಅದ ಏನ್ರಿ?"

"ಏನೂ ಇಲ್ರೀ."

"ದುಃಖಕ್ಕೂ ಏರಿರಬಹುದು. ಮಣ್ಣು ಮುಗಿಸಿ ಮತ್ತ ಬರ್ರಿ."

ಕಾರ್ಯಗಳೆಲ್ಲ ಮುಗಿದ ಮೇಲೆ ಹಂಪಯ್ಯನೇ ಕರೆತಂದ. ಒತ್ತಡ ಇಳಿದಿರಲಿಲ್ಲ. ಗುಲ್ನಾಜ್ ಗುಳಿಗೆ ಬರೆದು, ನಿಧಾನವಾಗಿ ಹೇಳಿದರು: "ರಕ್ತನಾಳದ ಗೋಡಿಯೊಳಗ ಸಣ್ಣ ಸ್ನಾಯು ಅದಾವ. ಬಿಗಿಯಾಗು ಅನ್ನೋ ಸುದ್ದಿ ರಕ್ತದಾಗ ಬರ್ತದ. ಅದನ್ನ ಹಿಡಿದು ಒಳಗ ಮುಟ್ಟಸೋ ಪ್ರೋಟೀನು ಆ ಸ್ನಾಯುವಿನ ಜೀವಕೋಶದ ಮ್ಯಾಲ ಇರ್ತಾವ. ಸಡಿಲಾಗು ಅಂತ ಹೇಳೋವೂ ಬ್ಯಾರೆ ಅದಾವ. ನಿಮ್ಮೊಳಗ ಬಿಗಿಯಾಗು ಅನ್ನೋದ ಜಾಸ್ತಿ ಆಗೇದ. ಈ ಗುಳಿಗಿ ಆ ಪ್ರೋಟೀನಿನ ಮ್ಯಾಲ ಕುಂತು ಸುದ್ದಿ ಒಳಗ ಹೋಗಲಾರದಂಗ ತಡೀತದ. ಬಿಟ್ರಿ ಅಂದ್ರ ಮತ್ತ ಶುರು."

"ನನ್ನ ತಂಗಿಗೂ ಹಿಂಗ ಆಗಿತ್ತೇನ್ರಿ?"

"ಬಹುಶಃ. ರಕ್ತನಾಳ ಬಿಗಿದದ್ದು ಯಾರಿಗೂ ತಿಳಿಯಂಗಿಲ್ಲವ್ವಾ."

ರೇಣುಕಮ್ಮ ತಲೆಯಾಡಿಸಿದಳು. ಗುಳಿಗೆ ನುಂಗುವುದು, ಕುಪ್ಪಸ ಹೊಲಿಯುವುದು, ಉಣ್ಣುವುದು, ಎಲ್ಲ ಒಂದೇ ಥರ ನಡೆಯಿತು. ಮಳೆಗಾಲದ ಹೊತ್ತಿಗೆ ಒತ್ತಡ ಹತೋಟಿಗೆ ಬಂತು.

"ಈಗ ಹೆಂಗ ಅನಸ್ತದ?" ಗುಲ್ನಾಜ್ ಕೇಳಿದರು.

"ಆವಾಗೂ ಏನೂ ಅನಸ್ತಿರಲಿಲ್ಲ. ಈಗೂ ಇಲ್ರೀ."

"ತಂಗೀನ ನೆನಸಿ ಅತ್ರೇನು?"

"ಇಲ್ರೀ."

ಗುಲ್ನಾಜ್ ಅವಳ ಕೈ ಹಿಡಿದುಕೊಂಡರು.

ಅಂದು ರೇಣುಕಮ್ಮ ದೇವದುರ್ಗದ ಬಸ್ಸು ಬಿಟ್ಟು ಮಾನ್ವಿಯ ಬಸ್ಸು ಹತ್ತಿದಳು. ಬಸ್ಸಮ್ಮನ ಜೊತೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರನ್ನೆಲ್ಲ ಬಿ.ಪಿ. ನೋಡಿಸಲು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದಳು. ನಾಗರತ್ನಾ ಎಂಬಾಕೆಗೆ ಒತ್ತಡ ಬಹಳ ಇತ್ತು.

"ನನಗೇನಾಗ್ಯದ? ಗಟ್ಟಿ ಅದೀನಿ," ಎಂದು ಆಕೆ ಎದ್ದಳು.

"ಕುಂದರು," ಎಂದಳು ರೇಣುಕಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ನಾಗರತ್ನಾ ಅವಳ ಮುಖ ನೋಡಿ ಮತ್ತೆ ಕುಳಿತಳು.